ಗೋಡೆಯ ಜ್ವರ ನೋಡುವ ಬಾದು ಅಜ್ಜ

ಘಾನಾ ದೇಶದ ಕುಮಾಸಿ ಪಟ್ಟಣದ ಹನ್ನೊಂದು ಕೋಣೆಗಳ ವಠಾರದಲ್ಲಿ ಕೋಳಿ ಕೂಗುವ ಮೊದಲೇ ಬಾದು ಅಜ್ಜ ಗೋಡೆಗಳ ಜ್ವರ ನೋಡಲು ಹೊರಡುತ್ತಾನೆ. ನಲ್ಲಿ, ಕಬ್ಬಿಣದ ಬಾಗಿಲು, ಬಟ್ಟೆ ಒಣಗಿಸುವ ತಂತಿ, ಎಲ್ಲಕ್ಕೂ ಹಿಂಗೈಯನ್ನೇ ತಾಕಿಸುತ್ತಾನೆ. ಅಂಗೈಯನ್ನು ಕರೆಂಟು ಹಿಡಿದರೆ ಉಡದ ಪಟ್ಟು, ಬಿಡುವುದಿಲ್ಲ. ಬಲ್ಬು ಮಿಣುಕಿದರೆ ಹೋಲ್ಡರ್ ಬಿಚ್ಚುತ್ತಾನೆ, ಫ್ಯೂಸ್ ಹೋದರೆ "ಯಾರದದು ಇಸ್ತ್ರಿಪೆಟ್ಟಿಗೆ?" ಎಂದು ಗದರುತ್ತಾನೆ, ಪ್ಲಗ್ಗಿಗೆ ಮೂಗು ಹಚ್ಚಿ ಸುಟ್ಟ ವಾಸನೆ ಹುಡುಕುತ್ತಾನೆ. "ಬರಿಗಾಲಲ್ಲಿ ನಲ್ಲಿ ಮುಟ್ಟಬೇಡ್ರೋ!" ಎಂದು ದಿನಕ್ಕೆ ಹತ್ತು ಸಲ ಕೂಗುತ್ತಾನೆ. "ನೀನೇ ಎಳೆದ ವೈರು, ನಿಂಗೇ ನಂಬಿಕೆ ಇಲ್ವಾ ಅಜ್ಜಾ?" ಎಂದು ಜೋಳದ ಕಡುಬು ಮಾರುವ ಅಫ್ರಕೊಮ ಛೇಡಿಸುತ್ತಾಳೆ. ಮರಳುಗಾಡಿನ ಒಣಗಾಳಿ ಬೀಸತೊಡಗಿದರಂತೂ ಫುಫು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಾನೆ. ದಿನಕ್ಕೆರಡು ಬಕೆಟ್ ನೀರು ಹೊತ್ತು ಬಚ್ಚಲಿನ ಹಿಂದಿನ ಮೂಲೆಗೆ ಸುರಿಯುತ್ತಾನೆ. "ಹಿರಿಯರಿಗೆ ಅಂತ ಜನ ಒಂದು ಗುಟುಕು ಹೆಂಡ ಚೆಲ್ತಾರೆ, ನೀನು ಬಕೆಟ್ಟೇ ಸುರೀತೀಯಲ್ಲ! ನಿನ್ನ ಹಿರಿಯರಿಗೆ ಅಷ್ಟು ಬಾಯಾರಿಕೆನಾ?" ಎನ್ನುತ್ತಾಳೆ ಅಫ್ರಕೊಮ. "ಬಲು ಬಾಯಾರಿಕೆ ಕಣವ್ವಾ" ಎಂದು ಅಜ್ಜ ನಗುತ್ತಾನೆ. ಆ ಮೂಲೆಯ ಮಣ್ಣಿನೊಳಗೆ, ಸೋರಿದ ಕರೆಂಟನ್ನು ಭೂಮಿಗಿಳಿಸುವ ಅರ್ತಿಂಗ್ ಸಲಾಕೆಯಿದೆ. ಮೂವತ್ತು ವರ್ಷದ ಹಿಂದೆ ಅದನ್ನು ಆಳುದ್ದ ಇಳಿಸಬೇಕಿದ್ದಾಗ ಮೊಳದಾಳದಲ್ಲೇ ಬಂಡೆ ಸಿಕ್ಕಿತ್ತು. ಮಿಕ್ಕಿದ್ದನ್ನು ಗರಗಸದಲ್ಲಿ ಕೊಯ್ದು, ಮಣ್ಣು ಮುಚ್ಚಿ, "ಆಯ್ತು" ಎಂದುಬಿಟ್ಟಿದ್ದ. ಮಣ್ಣು ಒದ್ದೆಯಿದ್ದಷ್ಟು ಹೊತ್ತು ಮಾತ್ರ ಆ ತುಂಡು ಹನ್ನೊಂದು ಕೋಣೆಗಳ ಜೀವ ಕಾಯುತ್ತದೆ. ಒಪ್ಪಿಕೊಳ್ಳಲು ಅವನಿಗೆ ಇಂದಿಗೂ ಬಾಯಿ ಬಂದಿಲ್ಲ. ಈ ವರ್ಷ ಮಂಡಿ ಸೋತಾಗ ಆ ಜಾಗದಲ್ಲಿ ಒಂದು ಬಾಳೆ ನೆಟ್ಟಿದ್ದಾನೆ. ತಾನು ಹೋದ ಮೇಲೆ ಗೊನೆಯ ಆಸೆಗಾದರೂ ಯಾರಾದರೂ ಅಲ್ಲಿಗೆ ನೀರು ಹೊಯ್ದಾರು ಎಂದು.