ಬಿದ್ದುಹೋದ ದೀರ್ಘ

ನಮ್ಮ ಮನೆಯಲ್ಲಿ ಕಳ್ಳರಿಗಿಂತ ಓದುಗರಿಗೇ ಹೆಚ್ಚು ಹೆದರುತ್ತಿದ್ದೆವು. ಕಲಬುರಗಿಯ ಕೋಟೆ ಕಡೆಯ ಓಣಿಯಲ್ಲಿ ನಮ್ಮ ಮನೆ. ಮುಂದಿನ ಪಡಸಾಲೆಯಲ್ಲಿ ಪ್ರೆಸ್ಸು, ಹಿಂದೆ ಅಡುಗೆಮನೆ, ನಡುವೆ ಒಂದು ಪರದೆ. ನಿಜಾಮರ ಆಳ್ವಿಕೆ ಮುಗಿದ ಹೊಸದರಲ್ಲಿ ಅಜ್ಜ ಶುರುಮಾಡಿದ ವಾರಪತ್ರಿಕೆ ಅದು. ಒಮ್ಮೆ ಅವರು ಬರೆದ ಸುದ್ದಿ ಯಾರಿಗೋ ಚುಚ್ಚಿ, ನಾಲ್ಕು ಜನ ಬಂದು ಅಚ್ಚಿನ ಮೊಳೆಗಳನ್ನೆಲ್ಲ ಖಾನೆ ಸಮೇತ ರಸ್ತೆಗೆ ಸುರಿದುಹೋಗಿದ್ದರಂತೆ. ಮಣ್ಣಿನಲ್ಲಿ ಬಿದ್ದ ಅಕ್ಷರ ಆರಿಸಲು ಮನೆಯವರಿಗೆ ಇಡೀ ಬೇಸಿಗೆ ಹಿಡಿಯಿತಂತೆ. ಇದು ನಾನು ಹುಟ್ಟುವ ಮೊದಲಿನ ಮಾತು. ಆದರೂ ಓಣಿಯಲ್ಲಿ ಜೀಪು ನಿಂತ ಸದ್ದಾದರೆ ಆಯಿ ಈಗಲೂ ಸ್ಟೋ ಸಣ್ಣ ಮಾಡಿ ಕಿವಿಗೊಡುತ್ತಾಳೆ.

ಎಂಬತ್ತರ ದಶಕದ ಕೊನೆಗೆ ನಾನು ಡಿಗ್ರಿ ಮುಗಿಸಿ ಪ್ರೂಫ್ ನೋಡಲು ಕೂತೆ. ನಮ್ಮಲ್ಲಿ ಪ್ರೂಫನ್ನು ಕಣ್ಣಿನಿಂದಷ್ಟೇ ಓದಿದರೆ ನಡೆಯುತ್ತಿರಲಿಲ್ಲ, ಬಾಯಿಂದ ಓದಬೇಕು. ದೀರ್ಘ ಬಂದಲ್ಲಿ ಎಳೆದು, ಒತ್ತು ಬಂದಲ್ಲಿ ಒತ್ತಿ ನಾನು ಗಟ್ಟಿಯಾಗಿ ಓದುವುದು. ಆಯಿ ಕೈಬರಹದ ಪ್ರತಿ ಹಿಡಿದು ಕೇಳುವುದು. ತಪ್ಪಿದ್ದರೆ "ಅಲ್ಲಿ ದೀರ್ಘ ಇಲ್ಲ" ಎಂದು ತಲೆಯೆತ್ತದೆ ಹೇಳುತ್ತಿದ್ದಳು. ಹೊಸದಾಗಿ ಬಂದವರು ತಾಯಿ ಮಗಳು ಪುರಾಣ ಹಚ್ಚಿದ್ದಾರೆಂದೇ ತಿಳಿಯುತ್ತಿದ್ದರು.

ಒಂದು ವಾರ ಕಮಲಾಪುರದ ಸಾಹುಕಾರರಿಗೆ ಎದೆನೋವು ಬಂದು ಅವರನ್ನು ಸೇಡಂ ರಸ್ತೆಯ ಆಸ್ಪತ್ರೆಗೆ ಸೇರಿಸಿದ್ದರು. ಕೆಂಪು ಬಾಳೆಯ ತೋಟ, ಲಾರಿಗಳು, ಮಾತಿಗೆ ಮೊದಲೇ ಕೈಯೆತ್ತುವ ಇಬ್ಬರು ಗಂಡುಮಕ್ಕಳು, ಎಲ್ಲ ಇದ್ದ ಮನುಷ್ಯ. ಸುದ್ದಿಗೆ, ಅಜ್ಜನ ನಂತರ ಸಂಪಾದಕರಾಗಿದ್ದ ಅಪ್ಪ ಎರಡು ಸಾಲಿನ ತಲೆಬರಹ ಕೊಟ್ಟರು. ಮೇಲೆ ದಪ್ಪಕ್ಷರದಲ್ಲಿ 'ಕಮಲಾಪುರ ಸಾಹುಕಾರರ ನಿಧಾನ', ಕೆಳಗೆ ಸಣ್ಣದರಲ್ಲಿ 'ಚೇತರಿಕೆ'. ದಪ್ಪಕ್ಷರದ 'ಧಾ' ಮುರಿದಿತ್ತು. ಅಜ್ಜನ ಕಾಲದಿಂದ ಮೊಳೆ ಜೋಡಿಸುತ್ತಿದ್ದ ಚಾಚಾ 'ಧ' ಇಟ್ಟು ಪಕ್ಕಕ್ಕೆ ದೀರ್ಘದ ತುಂಡೊಂದನ್ನು ಸಿಕ್ಕಿಸಿದರು. ನಾನು "ನಿಧಾಆನ" ಎಂದು ಎಳೆದು ಓದಿದೆ, ಆಯಿ ಹೂಂ ಅಂದಳು. ಊರಿನ ಪ್ರತಿಗಳು ಮೊದಲು ಅಚ್ಚಾದವು, ಕಮಲಾಪುರದ ಕಟ್ಟು ಕೊನೆಗೆ.

ಮರುದಿನ ಬೆಳಿಗ್ಗೆ ಕಮಲಾಪುರದ ನಮ್ಮ ಏಜೆಂಟರ ಫೋನ್ ಬಂತು.

"ಅಂಗಡಿ ಎಲ್ಲಾ ಬಂದ್ ಮಾಡ್ಯಾರ್ರೀ. ಸಾಹುಕಾರ್ರು ಯಾವಾಗ ಹೋದ್ರು?"

"ಎಲ್ಲಿಗಿ ಹೋದ್ರು?" ಎಂದರು ಅಪ್ಪ.

"ನೀವೇ ಹಾಕೀರಲ್ರೀ, ನಿಧನ ಅಂತ. ಮಂದಿ ಜೀಪ್ ತುಂಬಿ ದವಾಖಾನಿಗೆ ಹೊಂಟಾರ, ಹಾರಾ ತೊಗೊಂಡು."

ಮನೆಯ ಪ್ರತಿ ತೆಗೆದು ನೋಡಿದೆವು. ನಿಧಾನ ಎಂದೇ ಇತ್ತು. ಚಾಚಾ ಯಂತ್ರದ ಅಡಿಗೆ ಬಗ್ಗಿ ಕೈಯಾಡಿಸಿ ಎದ್ದರು. ಅವರ ಅಂಗೈಯಲ್ಲಿ ಬೆರಳ ಗೆಣ್ಣಿನಷ್ಟು ಸೀಸದ ತುಂಡು. "ಅಚ್ಚು ನಡದಾಗ ನಡಬರಕ ದೀರ್ಘ ಕಳಚಿ ಬಿದ್ದದ ನೋಡ್ರಿ, ಮಾಲಕ್," ಎಂದರು.

ಮತ್ತೆ ಮೊಳೆಗಳು ರಸ್ತೆಗೆ ಬೀಳುತ್ತವೆ ಎಂದು ನಾನು ಹೆದರಿದ್ದೆ. ಅಪ್ಪನ ಭಯ ಬೇರೆಯೇ ಆಗಿತ್ತು. "ಆ ಮಂದಿ ಅಳಕೋತ ಖೋಲಿಯೊಳಗ ಹೊಕ್ಕರ ಸಾಹುಕಾರ್ರ ಎದಿ ಅಲ್ಲೇ ನಿಲ್ತದ. ಆಗ ನಾವು ಹಾಕಿದ್ದೇ ಖರೆ ಆಗ್ತದ," ಎಂದು ಚಪ್ಪಲಿ ಹುಡುಕತೊಡಗಿದರು. ಅವರೊಬ್ಬರನ್ನೇ ಕಳಿಸಲು ಧೈರ್ಯ ಸಾಲದೆ ನಾನೂ ಆಟೋ ಹತ್ತಿದೆ. ಚಾಚಾ ಖಾನೆಗಳ ಮೇಲೆ ಜಮಖಾನೆ ಹೊದಿಸಿ ಅದರ ಮುಂದೆ ಕೂತರು. ಆಯಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಅಪ್ಪ ದಾರಿಯುದ್ದಕ್ಕೂ ಸರಿಯಾದ ಪ್ರತಿಯನ್ನು ಎದೆಗವಚಿಕೊಂಡಿದ್ದರು.

ನಾವು ಮುಟ್ಟುವಷ್ಟರಲ್ಲಿ ಜೀಪುಗಳು ಬಂದಾಗಿತ್ತು. ಹೆಂಗಸರು ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕೂತು ಹಾಡಿಕೊಂಡು ಅಳುತ್ತಿದ್ದರು. ಸಾಹುಕಾರರ ಖೋಲಿಯ ಬಾಗಿಲಲ್ಲಿ ಅವರ ಹಿರಿಯ ಮಗ ನಮ್ಮ ಅಪ್ಪನ ಕೊರಳಪಟ್ಟಿ ಹಿಡಿದ.

"ದೀರ್ಘ ಬಿದ್ದುಹೋಗ್ಯದ್ರೀ," ಎಂದರು ಅಪ್ಪ.

"ಏನು ಬಿದ್ದುಹೋಗ್ಯದ?"

ತೋರಿಸಲು ಎತ್ತಿ ಹಿಡಿದ ಪ್ರತಿಯನ್ನು ಅವನು ಕಿತ್ತು ಹರಿದು ಎಸೆದ. ಅಪ್ಪನಿಗೆ ಎಲ್ಲಿ ಹೊಡೆಯುತ್ತಾನೋ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಅಷ್ಟರಲ್ಲಿ ಒಳಗಿನಿಂದ ಸಾಹುಕಾರರ ಸಣ್ಣ ದನಿ ಕೇಳಿಸಿತು. "ಪೇಪರಿನವರು ಬಂದಾರೇನು? ಒಳಗ ಕಳಸ್ರಿ."

ಸಾಹುಕಾರರು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಕಲಿತವರು, ಕನ್ನಡ ಓದಲು ಬರುತ್ತಿರಲಿಲ್ಲ. ಮಗನ ಕಂಕುಳಲ್ಲಿದ್ದ ಕಮಲಾಪುರದ ಪ್ರತಿಯತ್ತ ಬೆರಳು ತೋರಿಸಿ, "ನನ್ನ ಬಗ್ಗೆ ಏನು ಬರದೀರಿ, ಓದ್ರಿ," ಎಂದರು. ಮಗ ಅದನ್ನು ನಮ್ಮ ಅಪ್ಪನಿಗೆ ಕೊಟ್ಟ. ಅಪ್ಪ ಕನ್ನಡಕ ಸರಿಮಾಡಿಕೊಂಡು ನಮ್ಮ ಪ್ರೂಫಿನ ರಾಗದಲ್ಲೇ ಓದಿದರು: "ಕಮಲಾಪುರ ಸಾಹುಕಾರರ ನಿಧಾಆನ ಚೇತರಿಕೆ." ಇದ್ದ ದೀರ್ಘವನ್ನೂ ಯಾರೂ ಅಷ್ಟು ಎಳೆದದ್ದನ್ನು ನಾನು ಕೇಳಿರಲಿಲ್ಲ.

ಸಾಹುಕಾರರು ಸ್ವಲ್ಪ ಹೊತ್ತು ಹೊರಗಿನ ಅಳುವನ್ನು ಕೇಳಿಸಿಕೊಂಡರು. "ಹಂಗಾರ ಹೊರಗಿನವರಿಗೂ ಒಂದ್ಸಲ ಓದಿ ಹೇಳ್ರಿ," ಎಂದು ಕಣ್ಣು ಮುಚ್ಚಿದರು.

ಅವರು ಆಮೇಲೆ ಬಹಳ ವರ್ಷ ಬದುಕಿದರು. ಅಪ್ಪನ ಭಯವೂ ಅವರ ಜೊತೆಗೇ ಬದುಕಿತು. ನಮ್ಮ ಪತ್ರಿಕೆಯಲ್ಲಿ 'ನಿಧಾನ' ಎಂಬ ಪದ ಮತ್ತೆ ಅಚ್ಚಾಗಲಿಲ್ಲ. ರಸ್ತೆ ಕೆಲಸವಾಗಲಿ, ಬೆಳೆ ಪರಿಹಾರವಾಗಲಿ, ಎಲ್ಲವೂ 'ಸಾವಕಾಶ'ವೇ ಸಾಗಿದವು. ಕಂಪ್ಯೂಟರ್ ಬಂತು, ಹಳೆಯ ಮೊಳೆಗಳೆಲ್ಲ ಕರಗಲು ಕಪನೂರಿನ ಭಟ್ಟಿಗೆ ಹೋದವು. ಕಂಪ್ಯೂಟರಿನಲ್ಲಿ ಬೀಳಲು ತುಂಡುಗಳೇ ಇಲ್ಲ ಎಂದು ಹೇಳಿದರೂ ಅಪ್ಪ ಕೇಳಲಿಲ್ಲ.

ಎರಡು ಸಾವಿರದ ಇಸವಿಯ ಈಚೆಗೆ ಅಪ್ಪನೂ ಆಸ್ಪತ್ರೆ ಸೇರಿದರು. ಫೋನ್ ಮಾಡಿದವರಿಗೆಲ್ಲ "ಸಾವಕಾಶ ಅರಾಮ ಆಗಾಕತ್ತದ್ರೀ" ಎನ್ನುತ್ತಿದ್ದೆ. ನಿಧಾನ ಎಂದು ಬಾಯಿತಪ್ಪಿ ಕೂಡ ಅನ್ನಲಿಲ್ಲ, ಅಷ್ಟು ಹೆದರಿದ್ದೆ. ಆದರೂ ಅವರು ಉಳಿಯಲಿಲ್ಲ.

ಆ ವಾರವೂ ಪತ್ರಿಕೆ ಹೊರಡಬೇಕಿತ್ತು. ಮೊದಲ ಪುಟ ಟೈಪ್ ಮಾಡಿ ಪ್ರಿಂಟ್ ತೆಗೆದೆ. ಆಯಿ ಎಂದಿನಂತೆ ಕೈಬರಹದ ಪ್ರತಿ ಹಿಡಿದು ಎದುರಿಗೆ ಕೂತಳು. ನಾನು ತಲೆಬರಹ ಓದಿದೆ: "ನಮ್ಮ ಸಂಪಾದಕರ ನಿಧಾಆನ."

ಆಯಿ ತಲೆಯೆತ್ತಲಿಲ್ಲ. "ಅಲ್ಲಿ ದೀರ್ಘ ಇಲ್ಲ, ಮಗಳೇ," ಎಂದಳು.