ಹೆಸರಿನ ಅಂಚಿಗೆ ಗಂಟೆ ಕಟ್ಟಿದ ಮಾಳವ್ವ

ಗಂಗಾವತಿಯಲ್ಲಿ ಇನ್ನೂ ನಸುಕು. ಹಗಲು ಕರೆಂಟಿನ ಭರವಸೆಯಿಲ್ಲ. ಹಾಗಾಗಿ ಅಕ್ಕಿ ಗಿರಣಿಯ ಕಂಪ್ಯೂಟರ್ ಕೋಳಿ ಕೂಗುವ ಹೊತ್ತಿಗೇ ಏಳುತ್ತದೆ. ಅದರ ಮುಂದೆ ಸೆರಗು ಸಿಕ್ಕಿಸಿಕೊಂಡು ಮಾಳವ್ವ ಕೂತಿದ್ದಾರೆ. ಹೊರಗೆ ಭತ್ತದ ಗಾಡಿಗಳ ಸಾಲು. ರೈತರಿಗೆ ತೂಕದ ಚೀಟಿ ಕೊಡುವ ಪ್ರೋಗ್ರಾಮನ್ನು ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದವರು ಇವರೇ. ಮೊದಲು ಇದೇ ಗಿರಣಿಯ ಟೈಪಿಸ್ಟ್. ರಾಯಚೂರಿಗೆ ಬಸ್ಸಿನಲ್ಲಿ ಓಡಾಡಿ ಕಲಿತದ್ದು.

ಕಳೆದ ಸುಗ್ಗಿಯಲ್ಲಿ ಈ ಚೀಟಿಯೇ ಅವರ ಮಾನ ಕಳೆದಿತ್ತು. ಹುಲಿಹೈದರದ ದೊಡ್ಡಬಸಪ್ಪ ಈ ಕಡೆಯ ರೂಢಿಯಂತೆ ಮೊದಲು ಊರು, ಆಮೇಲೆ ಅಪ್ಪ ವಿರುಪಣ್ಣ, ಕೊನೆಗೆ ತಮ್ಮ ಹೆಸರು ಹೇಳಿದರು. ಹೆಸರಿಗೆ ಇಟ್ಟದ್ದು ಇಪ್ಪತ್ತು ಅಕ್ಷರದ ಜಾಗ. ಅದು ತುಂಬಿದರೂ ಸಿ ತಡೆಯಲಿಲ್ಲ. ಉಳಿದ ಅಕ್ಷರಗಳು ಪಕ್ಕದಲ್ಲಿದ್ದ ತೂಕದ ಮೇಲೆ ಹೋಗಿ ಕೂತವು. ಚೀಟಿಯಲ್ಲಿ ಒಂದು ಗಾಡಿ ಭತ್ತ ಗುಡ್ಡದಷ್ಟಾಯಿತು. "ಇಷ್ಟು ಬೆಳಿಯಾಕ ನಮ್ಮಪ್ಪಗ ಇಡೀ ಜಿಲ್ಲಾನ ಬೇಕಿತ್ತಲ್ಲ ತಂಗೆವ್ವ" ಎಂದು ದೊಡ್ಡಬಸಪ್ಪ ಅಂದದ್ದಕ್ಕೆ ಗಿರಣಿಯೇ ನಕ್ಕಿತು.

ಮಾಳವ್ವ ಉದ್ದದ ಹೆಸರನ್ನು ಕತ್ತರಿಸುವಂತೆ ಮಾಡಿದರು. ತೂಕ ಉಳಿಯಿತು. ಆದರೆ ಊರು, ಅಪ್ಪನ ಹೆಸರಿಗೇ ಜಾಗ ಮುಗಿದು, ದೊಡ್ಡಬಸಪ್ಪನವರದೂ ಅವರ ತಮ್ಮ ಬಾಲಪ್ಪನದೂ ಚೀಟಿಯಲ್ಲಿ ಒಂದೇ ಹೆಸರಾಯಿತು. ಅಣ್ಣನ ಭತ್ತ ತಮ್ಮನ ಪಾಲಿಗೆ ಹೋಯಿತು. ಇನ್ನೊಂದು ಚೀಟಿ ತಪ್ಪಿದರೆ ಯಂತ್ರವನ್ನು ಗೋಣಿಯಲ್ಲಿ ಕಟ್ಟಿಡುತ್ತೇನೆ, ನೀನು ಟೈಪ್‌ರೈಟರಿಗೆ ಹೋಗು ಎಂದುಬಿಟ್ಟರು ಗಿರಣಿಯ ಸಾಹುಕಾರ ದೇವೇಂದ್ರಪ್ಪ.

ಆ ಟೈಪ್‌ರೈಟರೇ ದಾರಿ ತೋರಿಸಿತು. "ಸಾಲು ಮುಗಿಯಾಕ ಬಂದ್ರ ಅದು ಗಂಟಿ ಹೊಡಿತೈತ್ರಿ. ಸಿ ಹೊಡಿಯಂಗಿಲ್ಲ. ಗಂಟಿ ನಾವ ಕಟ್ಟಬೇಕು" ಎನ್ನುತ್ತಾರೆ ಮಾಳವ್ವ. ಈಗ ಊರು, ಅಪ್ಪ, ಹೆಸರು ಎಲ್ಲಕ್ಕೂ ಬೇರೆ ಬೇರೆ ಜಾಗ. ಪ್ರತಿಯೊಂದರ ಕೊನೆಯ ಮನೆ, ಹೆಸರು ಇಲ್ಲಿಗೆ ಮುಗಿಯಿತು ಎಂಬ ಗುರುತಿಗೆ ಮೀಸಲು. ಅಕ್ಷರಗಳನ್ನು ಎಣಿಸಿ, ಹಿಡಿದರಷ್ಟೇ ಒಳಗೆ. ಹಿಡಿಯದಿದ್ದರೆ ಯಂತ್ರ ಕತ್ತರಿಸುವುದಿಲ್ಲ, ಕೀಂ ಎಂದು ಕೂಗಿ ನಿಲ್ಲುತ್ತದೆ.

ಇವತ್ತು ಅದೇ ಅಣ್ಣತಮ್ಮ ಬಂದಿದ್ದಾರೆ. ದೇವೇಂದ್ರಪ್ಪ ಖಾಲಿ ಗೋಣಿ ಪಕ್ಕಕ್ಕಿಟ್ಟುಕೊಂಡೇ ನಿಂತಿದ್ದಾರೆ. ದೊಡ್ಡಬಸಪ್ಪ ಬೇಕೆಂದೇ ತಮ್ಮ ಹೆಸರಿಗೆ ಮನೆತನ, ಅಡ್ಡಹೆಸರು ಎಲ್ಲ ಜೋಡಿಸಿ ಹೇಳುತ್ತಾರೆ. ಯಂತ್ರ ಕೂಗುತ್ತದೆ.

"ಯಾಕ ತಂಗೆವ್ವ, ಚೀರಾಕತ್ತೈತಿ?"

"ನಿಮ್ಮ ತೂಕ ಕಾಯಾಕತ್ತೈತಿ ಅಣ್ಣಾ. ಬರೀ ಹೆಸರು ಹೇಳ್ರಿ."

ಎರಡು ಚೀಟಿ ಬರುತ್ತವೆ, ಎರಡು ಹೆಸರು. ಬಾಲಪ್ಪ ತೂಕದ ಕಲ್ಲುಗಳ ಜೊತೆ ತಾಳೆ ನೋಡಿ ತಲೆಯಾಡಿಸುತ್ತಾನೆ. ದೇವೇಂದ್ರಪ್ಪ ಗೋಣಿಯನ್ನು ಮಡಚಿ, ಅದರ ಮೇಲೇ ಕೂತು ಚಹಾ ತರಲು ಹೇಳುತ್ತಾರೆ.

ಮಾಳವ್ವ ಮುಂದಿನ ಗಾಡಿಯವರನ್ನು ಕರೆಯುತ್ತಾ, ವರದಿಗೆಂದು ಬಂದ ನಮ್ಮ ಕಡೆ ತಿರುಗುತ್ತಾರೆ: "ಅದು ಕೂಗಿದ್ರ ಮಂದಿ ನಗ್ತಾರ್ರಿ. ನಗಲಿ. ಕೂಗಿದಾಗೊಮ್ಮೆ ಯಾರದರ ಭತ್ತ ಉಳದಿರತೈತಿ."