ಹೆಬ್ಬೆರಳಕ್ಕ ಹುಡುಕುತ್ತಿರುವ ಸದ್ದು

ಬೆಳಗಿನ ಐದೂಮುಕ್ಕಾಲು. ಆಸ್ಪತ್ರೆಯ ಎದುರು, ಮೆಟ್ಟಿಲ ಕೆಳಗಿನ ಪುಟ್ಟ ಮೊಬೈಲ್ ಅಂಗಡಿಯ ಬೀಗ ತೆಗೆದ ಹೆಂಗಸು ಶಟರ್ ಎತ್ತದೆ ಹಾಗೇ ನಿಂತಿದ್ದಾರೆ. ಎಡಗೈಯಲ್ಲಿ ಫೋನು. ಹಾಲಿನ ಗಾಡಿ ದಾಟಿ ಹೋಗಲಿ ಎಂದು ಕಾಯುತ್ತಾರೆ. ರಸ್ತೆ ಗುಡಿಸುವವಳ ಪೊರಕೆ ಸದ್ದು ದೂರವಾಗಲಿ ಎಂದು ಕಾಯುತ್ತಾರೆ. ಆಮೇಲೆ ಫೋನಿನಲ್ಲಿ ರೆಕಾರ್ಡಿಂಗಿನ ಕೆಂಪು ಗುಂಡಿ ಒತ್ತಿ, ಉಸಿರು ಬಿಗಿಹಿಡಿದು, ಶಟರನ್ನು ಒಂದೇ ಎಳೆತಕ್ಕೆ ಮೇಲಕ್ಕೆ ಕಳಿಸುತ್ತಾರೆ. ಮೊದಲು ಒಂದು ಕೀರಲು, ನಡುವೆ ಗಡಗಡ, ಕೊನೆಗೊಂದು ‘ಢಣ್’.

“ಇಪ್ಪತ್ನಾಲ್ಕನೇದು” ಎಂದು ತಮಗೆ ತಾವೇ ಹೇಳಿಕೊಂಡು ಒಳಗೆ ಹೋಗುತ್ತಾರೆ.

ನಲವತ್ತಾರರ ಇವರನ್ನು ಆಸ್ಪತ್ರೆಯವರೆಲ್ಲ ಕರೆಯುವುದು ಹೆಬ್ಬೆರಳಕ್ಕ ಎಂದು. ರಾತ್ರಿ ಪಾಳಿ ಮುಗಿಸಿದವರು ಹೊರಗೆ, ಬೆಳಗಿನ ಪಾಳಿಯವರು ಒಳಗೆ ಹೋಗುವ ಹೊತ್ತಿಗೆ ಅಂಗಡಿ ತೆರೆದಿರಬೇಕು. ದಿನಕ್ಕೆ ಎಂಟು ಹತ್ತು ಫೋನು. ಒಡೆದ ಗಾಜು, ಸತ್ತ ಬ್ಯಾಟರಿ ಎಲ್ಲ ಇದ್ದದ್ದೇ. ಆದರೆ ಅಕ್ಕನ ನಿಜವಾದ ಕಸುಬು ಸಾಗಾಟ: ಆಂಡ್ರಾಯ್ಡಿನಿಂದ ಐಫೋನಿಗೆ, ಐಫೋನಿನಿಂದ ಆಂಡ್ರಾಯ್ಡಿಗೆ ಜನರನ್ನು ದಾಟಿಸುವುದು.

ಎರಡರಲ್ಲಿ ಯಾವುದು ಒಳ್ಳೆಯದು ಎಂದು ಕೇಳದವರಿಲ್ಲ. “ಆಂಡ್ರಾಯ್ಡು ಸ್ವಂತ ಮನೆ. ಎಲ್ಲಿ ಬೇಕಾದ್ರೂ ಮೊಳೆ ಹೊಡ್ಕೋ, ಸೋರಿದ್ರೆ ನೀನೇ ಬಕೆಟ್ ಇಡು. ಐಫೋನು ಒಳ್ಳೇ ಓನರ್ ಇರೋ ಬಾಡಿಗೆ ಮನೆ. ನಲ್ಲಿ ಸೋರಲ್ಲ, ಆದ್ರೆ ಮೊಳೆ ಹೊಡೀಬೇಕಂದ್ರೆ ಕೇಳ್ಬೇಕು.” ಇಷ್ಟು ಹೇಳಿ ಅವರು ಗಿರಾಕಿಯ ಮುಖವನ್ನಲ್ಲ, ಹೆಬ್ಬೆರಳನ್ನು ನೋಡುತ್ತಾರೆ. ಹೊಸ ಫೋನು ಹಿಡಿದವರ ಬೆರಳು ಹಳೆಯದರ ಗುಂಡಿ ಇದ್ದ ಜಾಗಕ್ಕೇ ಹೋಗಿ ತಡಕಾಡುತ್ತದೆ. “ಮನೆ ಬದಲಾಯಿಸಿದ್ಮೇಲೂ ಕತ್ತಲಲ್ಲಿ ಕೈ ಹಳೇ ಸ್ವಿಚ್ ಹುಡುಕತ್ತಲ್ಲ, ಹಾಗೆ. ಪಾಪ, ಬೈಬಾರ್ದು.”

ಇವತ್ತಿನ ಮೊದಲ ಗಿರಾಕಿ ಒಬ್ಬ ನರ್ಸು. ಕೈಯಲ್ಲಿ ಗಂಡ ಕೊಡಿಸಿದ ಐಫೋನು.

“ಅಕ್ಕ, ಹಳೇದನ್ನ ಈಗ್ಲೇ ಕ್ಲೀನ್ ಮಾಡ್ಕೊಡಿ. ಸಂಜೆ ತಮ್ಮ ಬಂದು ತಗೊಂಡ್ ಹೋಗ್ತಾನೆ.”

“ಏಳು ದಿನ ಆದ್ಮೇಲೇ ಅಳಿಸೋದು, ಸಿಸ್ಟರ್.”

“ಎಲ್ಲ ಬಂದಿದೆ ಅಂತ ನಾನೇ ಹೇಳ್ತಿದೀನಲ್ಲ!”

“ಎಲ್ಲ ಅಂದ್ರೆ ಏನೇನು ಅಂತ ಯಾರಿಗೂ ಗೊತ್ತಿರಲ್ಲ. ಬೇಕಾದಾಗ್ಲೇ ಗೊತ್ತಾಗೋದು.”

“ನಿಮ್ಮ ಹತ್ರ ವಾದ ಮಾಡೋ ಬದ್ಲು ಡಾಕ್ಟರ್ ಹತ್ರ ಮಾಡೋದೇ ವಾಸಿ” ಎಂದು ಗೊಣಗುತ್ತಲೇ ನರ್ಸು ಹಳೆಯ ಫೋನು ಒಪ್ಪಿಸುತ್ತಾರೆ. ಅದು ಲಕೋಟೆ ಸೇರಿ, ತಾರೀಖು ಬರೆಸಿಕೊಂಡು, ಏಳು ದಿನದ ಡ್ರಾಯರಿಗೆ ಇಳಿಯುತ್ತದೆ.

ಈ ಡ್ರಾಯರು ಹುಟ್ಟಿದ್ದು ಒಂದು ತಪ್ಪಿನಿಂದ. ನಾಲ್ಕು ವರ್ಷದ ಹಿಂದೆ, ಕುರ್ಚಿಗೆ ಬೆತ್ತ ಹೆಣೆಯುವ ತಾತನೊಬ್ಬ ಅಳಿಯ ಕೊಟ್ಟ ಐಫೋನು ಹಿಡಿದು ಬಂದ. ಕಣ್ಣು ಮಂಜಾಗಿತ್ತು. ಅಕ್ಕ ಹೆಸರು, ನಂಬರು, ಫೋಟೋ ಎಲ್ಲ ದಾಟಿಸಿ, ಹಳೆಯದನ್ನು ಅಳಿಸಿಯೇಬಿಟ್ಟರು. ಮರುದಿನ ತಾತ ಬಂದು ಕೇಳಿದ್ದು ಒಂದೇ ಮಾತು: “ನನ್ನ ಜನ ಎಲ್ಲಮ್ಮ?”

ಕರೆ ಯಾರದೆಂದು ಕಿವಿಗೇ ತಿಳಿಯಲೆಂದು ತಾತ ಹಳೆಯ ಫೋನಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಸದ್ದು ಕಟ್ಟಿದ್ದ. ಹೆಂಡತಿಗೆ ಬಳೆ, ಮಗಳಿಗೆ ಸೈಕಲ್ ಬೆಲ್ಲು, ದೊಡ್ಡಕ್ಕನಿಗೆ ಅವಳದೇ ಸೀನು. ಹನ್ನೊಂದು ಸದ್ದುಗಳಲ್ಲಿ ಒಂದೂ ದಾಟಿ ಬಂದಿರಲಿಲ್ಲ. “ರಿಂಗ್‌ಟೋನ್ ಆ ಕಡೆಯಿಂದ ಈ ಕಡೆಗೆ ತಾನಾಗಿ ಬರಲ್ಲ ಅಂತ ನಂಗೆ ಗೊತ್ತಿತ್ತು. ಕೇಳ್ಲಿಲ್ಲ. ತಪ್ಪು ಫೋನಿಂದಲ್ಲ, ನಂದು.” ಹೊಸ ಫೋನು ಕರೆದವರ ಹೆಸರು ಓದಿ ಹೇಳುತ್ತದೆ, ನಿಜ. “ಅದು ನನ್ ಹೆಂಡ್ತಿ ಹೆಸರು ಹೇಳಿದ್ರೆ ಯಾರೋ ಸಾಲ ಕೇಳೋಕೆ ಬಂದ ಹಾಗಿರತ್ತೆ” ಎಂದನಂತೆ ತಾತ.

ಅಕ್ಕ ಹತ್ತು ಸದ್ದುಗಳನ್ನು ಮತ್ತೆ ತಂದರು. ತಾತನ ಮನೆಗೆ ಹೋಗಿ ಬಳೆ ಅಲ್ಲಾಡಿಸಿದರು. ದೊಡ್ಡಕ್ಕನ ಸೀನಿಗಾಗಿ ಎರಡು ಮಧ್ಯಾಹ್ನ ಕಾದರು. ಸಿಗದೆ ಹೋದದ್ದು ಹನ್ನೊಂದನೆಯದು: ತಾತನ ಜೊತೆ ಮೂವತ್ತು ವರ್ಷ ಕುರ್ಚಿ ಅಂಗಡಿ ನಡೆಸಿದ ಜೊತೆಗಾರನದು. ಅವನು ದಿನಾ ಬೆಳಿಗ್ಗೆ ಎತ್ತುತ್ತಿದ್ದ ಶಟರಿನ ಸದ್ದು. ಜೊತೆಗಾರ ಬೇರೆ ಊರು ಸೇರಿದ, ಅಂಗಡಿ ಮಾರಿಹೋಯಿತು, ಅಲ್ಲೀಗ ಗಾಜಿನ ಬಾಗಿಲು. ಗಾಜು ಸದ್ದಿಲ್ಲದೆ ತೆರೆಯುತ್ತದೆ.

ಅಂದಿನಿಂದ ಆ ಸದ್ದನ್ನು ಹೋಲುವುದಕ್ಕಾಗಿ ಅಕ್ಕ ಸುತ್ತಲಿನ ಹಳೆಯ ಶಟರುಗಳ ಬೆನ್ನುಹತ್ತಿದ್ದಾರೆ. ಸಿಕ್ಕಾಗೆಲ್ಲ ಶುಕ್ರವಾರ ತಾತನಿಗೆ ಕೇಳಿಸುತ್ತಾರೆ. ಇಪ್ಪತ್ತಮೂರು ಸಲವೂ ತಾತ ಅಲ್ಲವೆಂದು ತಲೆಯಾಡಿಸಿದ್ದಾನೆ. ಉಳಿದದ್ದು ತಮ್ಮ ಅಂಗಡಿಯದೊಂದೇ. ಇದು ಮೊದಲು ಅವರ ಅಪ್ಪನ ಟೆಲಿಫೋನ್ ಬೂತು. ಜನ ಸಾಲು ನಿಂತು, ಗಾಜಿನ ಗೂಡಿನೊಳಗೆ ಕಿರುಚಿ ಮಾತಾಡಿ, ಕಣ್ಣೊರೆಸಿಕೊಂಡು ಹೊರಬರುತ್ತಿದ್ದ ಕಾಲ. ಬೂತು ಮುಚ್ಚಿದಾಗ ಅಕ್ಕ ರಿಪೇರಿ ಕಲಿತರು. “ಹೆಂಗಸು ಬಿಚ್ಚಿದ್ರೆ ಸ್ಕ್ರೂ ಮಿಕ್ಕತ್ತೆ ಅಂತ ನಗೋರು. ಮೊದಮೊದ್ಲು ಮಿಕ್ತಿತ್ತು ಕೂಡ” ಎಂದು ಈಗ ಅವರೇ ನಗುತ್ತಾರೆ. ಏನೆಲ್ಲ ಬದಲಾದರೂ ಶಟರು ಅಪ್ಪನದೇ. ಕೀರಲಿಗೆ ನಾಚಿ, ಅದನ್ನು ಕೊನೆಗೆ ಇಟ್ಟುಕೊಂಡಿದ್ದರು.

ಇವತ್ತು ಶುಕ್ರವಾರ. ಏಳೂವರೆಗೆ ತಾತ ಕೋಲು ಕುಟ್ಟುತ್ತ ಬರುತ್ತಾನೆ. ಸ್ಟೂಲಿನ ಮೇಲೆ ಕೂತು ಅಕ್ಕನ ಫೋನು ಕಿವಿಗೆ ಹಿಡಿಯುತ್ತಾನೆ. ಕೀರಲು, ಗಡಗಡ, ಢಣ್. ಅಕ್ಕನ ಕೈಯ ಸ್ಕ್ರೂಡ್ರೈವರು ನಿಂತಿದೆ.

“ಅಲ್ಲ” ಎನ್ನುತ್ತಾನೆ ತಾತ.

ಅಕ್ಕ ಫೋನು ವಾಪಸು ಪಡೆಯಲು ಕೈ ಚಾಚುತ್ತಾರೆ.

“ಇನ್ನೊಂದ್ಸಲ ಹಾಕು.” ಮತ್ತೆ ಕೇಳುತ್ತಾನೆ. “ಇದು ಯಾರ್ದಮ್ಮ?”

“ನಮ್ಮ ಅಂಗಡೀದೇ, ತಾತ. ಅಪ್ಪ ಹಾಕಿಸಿದ್ದು.”

“ಹಾಗಾದ್ರೆ ಇದನ್ನ ನಿನ್ನ ಹೆಸರಿಗೆ ಹಾಕು.”

“ಮತ್ತೆ ಜೊತೆಗಾರರದು? ನನ್ನ ಹತ್ರ ಶಟರೆಲ್ಲ ಮುಗೀತಲ್ಲ.”

“ಊರಲ್ಲಿ ಬೇರೆ ಬೀದಿ ಇಲ್ವಾ? ಹುಡುಕ್ತಾ ಇರು. ನೀನು ಬಿಟ್ರೆ ಶುಕ್ರವಾರ ನಾನೆಲ್ಲಿಗೆ ಹೋಗ್ಲಿ?”

ತಾತನ ಐಫೋನೆಂಬ ಬಾಡಿಗೆ ಮನೆಯಲ್ಲಿ ಈ ಸದ್ದಿನ ಮೊಳೆ ಹೊಡೆಯಲು ಅಕ್ಕನಿಗೆ ಕಾಲು ಗಂಟೆ ಹಿಡಿಯುತ್ತದೆ. ತಮಗೆ ಇನ್ನೇನು ಆಸೆ ಎಂದು ಕೇಳಿದರೆ, ತಲೆ ಎತ್ತದೆ ಹೇಳುತ್ತಾರೆ: “ಒಂದ್ಸಲ ತಾತ ಹೌದು ಅನ್ಬೇಕು. ಅಷ್ಟೇ.”

ತಾತ ಕೋಲು ಹಿಡಿದು ಹೊರಡುತ್ತಾನೆ. ಅವನು ತಿರುವು ಮುಟ್ಟುವಷ್ಟರಲ್ಲಿ, ಕೆಲಸ ಸರಿಯಾಗಿದೆಯೋ ಎಂದು ನೋಡಲು ಅಕ್ಕ ಅವನ ನಂಬರಿಗೆ ಕರೆ ಮಾಡುತ್ತಾರೆ. ತಾತನ ಅಂಗಿ ಜೇಬಿನಲ್ಲಿ ಅಪ್ಪನ ಶಟರು ಕೀರಲು ದನಿಯಲ್ಲಿ ಮೇಲೇಳುತ್ತದೆ. ತಾತ ಫೋನು ತೆಗೆಯುವುದಿಲ್ಲ, ಯಾರೆಂದೂ ಕೇಳುವುದಿಲ್ಲ. ಬೆನ್ನು ತಿರುಗಿಸಿಕೊಂಡೇ ಕೋಲನ್ನು ಮೇಲೆತ್ತಿ ಆಡಿಸುತ್ತಾನೆ.